ನಿಮಗಿದು ಗೊತ್ತೆ? ಕಾರು ಕೆಟ್ಟಿಲ್ಲ, ಎಂಜಿನ್ ತಾನಾಗಿ ನಿಂತಿದೆ!

ತಲ್ಲೂರಿನಲ್ಲಿ ಹೆದ್ದಾರಿ ದಾಟಿ ನೇರಳಕಟ್ಟೆ ರಸ್ತೆಗೆ ತಿರುಗಲು ಕಾಯುತ್ತಿರುವ ಹೊಸ ಕಾರು ತಟ್ಟನೆ ಸದ್ದಡಗಿಸಿದರೆ ಗಾಬರಿ ಬೇಡ. ಪೆಟ್ರೋಲ್ ಉಳಿಸಲೆಂದೇ ಇರುವ ಸ್ಟಾರ್ಟ್-ಸ್ಟಾಪ್ ವ್ಯವಸ್ಥೆ ಅದು. ನ್ಯೂಟ್ರಲ್‌ಗೆ ತಂದು ಕ್ಲಚ್ ಬಿಟ್ಟರೆ ಎಂಜಿನ್ ಆಫ್, ಮತ್ತೆ ಕ್ಲಚ್ ಒತ್ತಿದರೆ ಆನ್. ಆಟೊಮ್ಯಾಟಿಕ್ ಕಾರಿನಲ್ಲಿ ಈ ಕೆಲಸ ಬ್ರೇಕ್ ಪೆಡಲಿನದು.

ಬೈಕಿನಲ್ಲೂ ಇದು ಹೊಸದಲ್ಲ. ಇದೇ ವ್ಯವಸ್ಥೆಯ ಹೀರೋ ಸ್ಪ್ಲೆಂಡರ್ ಐಸ್ಮಾರ್ಟ್ ಬಂದದ್ದು 2014ರಲ್ಲಿ.

ಕಾರಿನ ಎಂಜಿನ್ ಒಂದು ದಿನ ಆಫ್ ಆಗುತ್ತದೆ, ಇನ್ನೊಂದು ದಿನ ಇಲ್ಲ ಎಂಬುದು ಅನೇಕರ ಗೊಂದಲ. ಕರಾವಳಿಯ ಸೆಕೆಯೇ ಇದಕ್ಕೊಂದು ಕಾರಣ. ಸಾಮಾನ್ಯ ಪೆಟ್ರೋಲ್, ಡೀಸೆಲ್ ಕಾರಿನಲ್ಲಿ ಎ.ಸಿ. ಕಂಪ್ರೆಸರ್ ತಿರುಗುವುದು ಎಂಜಿನ್ನಿನ ಬೆಲ್ಟಿನಿಂದ. ಎಂಜಿನ್ ನಿಂತರೆ ಬರುವುದು ಬರೀ ಗಾಳಿ. ಒಳಗೆ ಬಿಸಿ ಏರಿದೊಡನೆ ಎಂಜಿನ್ ತಾನೇ ಏಳುತ್ತದೆ, ಇಲ್ಲವೇ ಮೊದಲೇ ನಿಲ್ಲುವುದಿಲ್ಲ. ಮಳೆಗಾಲದಲ್ಲಿ ಗಾಜಿನ ಮಂಜು ತೆಗೆಯಲು ಡಿಫಾಗರ್ ಹಾಕಿದಾಗ, ಬ್ಯಾಟರಿ ಚಾರ್ಜ್ ಇಳಿದಾಗ, ಎಂಜಿನ್ ಇನ್ನೂ ತಣ್ಣಗಿದ್ದಾಗಲೂ ಹೀಗೆಯೇ.

ಬ್ಯಾಟರಿ ಬದಲಿಸುವಾಗ ಮಾತ್ರ ದಯವಿಟ್ಟು ಎಚ್ಚರ: ಪದೇ ಪದೇ ಸ್ಟಾರ್ಟ್ ತಾಳಿಕೊಳ್ಳುವ ಇ.ಎಫ್.ಬಿ. ಅಥವಾ ಎ.ಜಿ.ಎಂ. ಬ್ಯಾಟರಿಯನ್ನೇ ಕೇಳಿ ಪಡೆಯಬೇಕು. ಸ್ಟಾರ್ಟ್-ಸ್ಟಾಪ್ ಕಿರಿಕಿರಿ ಎನಿಸಿದರೆ, ಸುತ್ತುಬಾಣದೊಳಗೆ ಇಂಗ್ಲಿಷಿನ ‘ಎ’ ಇರುವ ಬಟನ್ ಒತ್ತಿದರಾಯಿತು. ಬಹುತೇಕ ಕಾರುಗಳಲ್ಲಿ ಮುಂದಿನ ಸಲ ಗಾಡಿ ಸ್ಟಾರ್ಟ್ ಮಾಡಿದಾಗ ಅದು ಮತ್ತೆ ಚಾಲೂ ಆಗಿರುತ್ತದೆ.