ಮೊದಲು ಶಾಲೆ, ಬಳಿಕ ಮನೆ

ಉದ್ಯೋಗನಿಮಿತ್ತವಾಗಿ ಮಕ್ಕಳೊಡನೆ ಕೆನಡಾ ದೇಶದ ಮಾಂಟ್ರಿಯಲ್ ನಗರಕ್ಕೆ ಹೊರಡುವ ಗೃಹಸ್ಥರು ಒಂದು ಸಂಗತಿಯನ್ನು ಮುಂಚಿತವಾಗಿ ಅರಿತಿರಬೇಕು. ಆ ನಗರದಲ್ಲಿ ಫ್ರೆಂಚ್, ಇಂಗ್ಲಿಷ್ ಎರಡೂ ಬಳಕೆಯಲ್ಲಿವೆ. ಪಶ್ಚಿಮದ ಬಡಾವಣೆಗಳಲ್ಲಿ ಇಂಗ್ಲಿಷ್ ಹೆಚ್ಚು. ಆದರೆ ಅಲ್ಲಿ ಮನೆ ಹಿಡಿದ ಮಾತ್ರಕ್ಕೆ ಮಕ್ಕಳಿಗೆ ಇಂಗ್ಲಿಷ್ ಶಾಲೆ ದೊರೆಯದು. ಕ್ವಿಬೆಕ್ ಪ್ರಾಂತದ 1977ರ ಭಾಷಾಶಾಸನದಂತೆ, ವಲಸೆ ಬಂದವರ ಮಕ್ಕಳು ಸರ್ಕಾರಿ ಶಾಲೆಗಳಲ್ಲಿ ಸಾಮಾನ್ಯವಾಗಿ ಫ್ರೆಂಚಿನಲ್ಲಿಯೇ ಕಲಿಯತಕ್ಕದ್ದು. ತಂದೆಯೋ ತಾಯಿಯೋ ಪ್ರಾಥಮಿಕ ವಿದ್ಯಾಭ್ಯಾಸದ ಬಹುಭಾಗವನ್ನು ಕೆನಡಾದಲ್ಲಿಯೇ ಇಂಗ್ಲಿಷಿನಲ್ಲಿ ಮಾಡಿದ್ದರೆ ಮಾತು ಬೇರೆ. ಬೆಂಗಳೂರಿನಲ್ಲಿ ಓದಿದ ಇಂಗ್ಲಿಷ್ ಲೆಕ್ಕಕ್ಕೆ ಬಾರದು. ತಾತ್ಕಾಲಿಕ ಉದ್ಯೋಗಿಗಳ ಮಕ್ಕಳಿಗೆ ವಿನಾಯಿತಿಯುಂಟು. 2022ರ ತಿದ್ದುಪಡಿಯ ತರುವಾಯ ಅದು ಮೂರು ವರ್ಷಗಳನ್ನು ಮೀರದು.

ಆದುದರಿಂದ ಮೊದಲು ಶಾಲೆಯನ್ನು ವಿಚಾರಿಸಿ, ಬಳಿಕ ಮನೆಯನ್ನು ಗೊತ್ತುಮಾಡುವುದು ಲೇಸು. ಫ್ರೆಂಚ್ ಅರಿಯದ ಮಕ್ಕಳಿಗೆ ಪ್ರತ್ಯೇಕ ಸ್ವಾಗತ ತರಗತಿಗಳಿವೆ. ಅವು ಎಲ್ಲ ಶಾಲೆಗಳಲ್ಲಿಯೂ ಇರವು. ಬಾಡಿಗೆ ಕರಾರುಗಳು ಬಹುಮಟ್ಟಿಗೆ ಜುಲೈ 1ರಂದು ಮೊದಲಾಗುತ್ತವೆ, ಶಾಲೆಗಳು ಆಗಸ್ಟ್ ಕಡೆಯಲ್ಲಿ ತೆರೆಯುತ್ತವೆ. ನಡುವಣ ದಿನಗಳಲ್ಲಿ ಮಕ್ಕಳಿಗೆ ನಾಲ್ಕು ಫ್ರೆಂಚ್ ಮಾತುಗಳ ರೂಢಿಯಾದರೆ ಮೊದಲ ದಿನದ ಅಳುಕು ಎಷ್ಟೋ ತಗ್ಗುವುದು.

ಅಲ್ಲಿ ಫ್ರೆಂಚನ್ನು ಶಾಲೆ ಕಲಿಸುತ್ತದೆ, ಇಂಗ್ಲಿಷನ್ನು ಬೀದಿ ಕಲಿಸುತ್ತದೆ. ಕನ್ನಡವನ್ನು ಕಲಿಸುವ ಭಾರ ಮಾತ್ರ ತಾಯಿತಂದೆಗಳದೇ.