ಪೈಥಾನ್ ಕರೆದರೆ ಸಿ ಏನು ಕೊಡುತ್ತೆ?

ಹೋದ ವಾರ ಒಂದು ಬಡ್ಡಿ ಲೆಕ್ಕ ನನ್ನನ್ನ ಪೇಚಿಗೆ ಸಿಕ್ಕಿಸ್ತು. ಲೆಕ್ಕ ಮಾಡೋ ಫಂಕ್ಷನ್ ಸಿ ಭಾಷೇಲಿತ್ತು. ಪೈಥಾನ್ ಜೊತೆಗೇ ಬರೋ ಸಿಟೈಪ್ಸ್ ಮೂಲಕ ಅದನ್ನ ಕರೆದು, ಅಸಲು, ತಿಂಗಳು ಎರಡನ್ನೂ ಪೂರ್ಣಾಂಕದಲ್ಲಿ ಕೊಟ್ಟೆ. ಎರರ್ ಇಲ್ಲ, ಆದ್ರೆ ಬಂದ ಬಡ್ಡಿಗೆ ತಲೆಬುಡ ಇಲ್ಲ. ಎರರ್ ಬಂದಿದ್ರೇ ವಾಸಿ ಇತ್ತು!

ನೋಡಿ, ಕಂಪೈಲ್ ಆದ ಸಿ ಲೈಬ್ರರಿಯಲ್ಲಿ ಫಂಕ್ಷನ್ ಹೆಸರು ಸಿಗುತ್ತೆ, ಅದು ಯಾವ ಬಗೆಯ ಉತ್ತರ ಕೊಡುತ್ತೆ ಅನ್ನೋದು ಸಿಗಲ್ಲ. ನಾವು ಹೇಳದಿದ್ರೆ ಸಿಟೈಪ್ಸ್ ಪೂರ್ಣಾಂಕ ಅಂತಲೇ ಅಂದ್ಕೊಳ್ಳುತ್ತೆ. ನನ್ನ ಫಂಕ್ಷನ್ ಕೊಟ್ಟಿದ್ದು ಡಬಲ್, ಅಂದ್ರೆ ದಶಮಾಂಶ ಸಂಖ್ಯೆ. ನಮ್ಮ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳಲ್ಲಿ ಅದು ಕೂರೋ ರಿಜಿಸ್ಟರೇ ಬೇರೆ. ಪೈಥಾನ್ ಪಕ್ಕದ ಡಬ್ಬಿ ತೆಗೆದು, ಅಲ್ಲಿ ಬಿದ್ದಿದ್ದನ್ನ ಓದಿತ್ತು.

ರೆಸ್‌ಟೈಪ್ ಅಂದ್ರೆ ಸಿ_ಡಬಲ್ ಅಂತ ಒಂದೇ ಸಾಲು ಸೇರಿಸಿದೆ, ಬಡ್ಡಿ ಪೈಸೆಗೆ ಪೈಸೆ ಸರಿಹೋಯ್ತು.