ಒಣಗಿದ ಕಲೆಯಲ್ಲಿ ಉಳಿದ ಸಾಕ್ಷ್ಯ

ಅಮೆರಿಕದ ವರ್ಜೀನಿಯ ರಾಜ್ಯದಲ್ಲಿ ೧೯೮೨ರಲ್ಲಿ ತರುಣನೊಬ್ಬನಿಗೆ ಅತ್ಯಾಚಾರದ ಆರೋಪದ ಮೇಲೆ ದೀರ್ಘ ಸೆರೆವಾಸದ ಶಿಕ್ಷೆಯಾಯಿತು. ತಾನು ನಿರಪರಾಧಿಯೆಂದು ಅವನು ಹೇಳುತ್ತಲೇ ಬಂದನು. ಡಿ.ಎನ್.ಎ. ಪರೀಕ್ಷೆಯು ಬಳಕೆಗೆ ಬಂದ ಮೇಲೆ ಹಳೆಯ ಸಾಕ್ಷ್ಯವಸ್ತುಗಳಿಗಾಗಿ ಹುಡುಕಿದಾಗ, ಅವು ನಾಶವಾಗಿಹೋಗಿವೆಯೆಂಬ ಉತ್ತರ ಬಂದಿತು. ಆದರೆ ೨೦೦೧ರಲ್ಲಿ ಪ್ರಯೋಗಾಲಯದ ಕಡತವೊಂದನ್ನು ಬಿಚ್ಚಿದಾಗ, ಆ ಮೊಕದ್ದಮೆಯ ಹತ್ತಿಯ ತುಣುಕುಗಳು ಹಾಳೆಗೆ ಅಂಟಿಕೊಂಡೇ ಇದ್ದವು! ಮೇರಿ ಜೇನ್ ಬರ್ಟನ್ ಎಂಬ ವಿಶ್ಲೇಷಕಿಯು ತಾವು ಪರೀಕ್ಷಿಸಿದ ವಸ್ತುವಿನ ಚೂರನ್ನು ಟಿಪ್ಪಣಿಯೊಡನೆ ಅಂಟಿಸಿಡುವ ರೂಢಿಯನ್ನಿಟ್ಟುಕೊಂಡಿದ್ದರು. ಪರೀಕ್ಷೆ ನಡೆಯಿತು; ಆ ಕೃತ್ಯ ಅವನದಲ್ಲವೆಂದು ತಿಳಿಯಿತು. ೨೦೦೨ರಲ್ಲಿ ರಾಜ್ಯಪಾಲರು ಅವನಿಗೆ ಸಂಪೂರ್ಣ ಕ್ಷಮಾದಾನವಿತ್ತರು.

ಆ ಚೂರುಗಳನ್ನು ಶೀತಪೆಟ್ಟಿಗೆಯಲ್ಲಿ ಇಟ್ಟಿರಲಿಲ್ಲ. ಅವು ಇದ್ದುದು ಬರಿಯ ಕಾಗದದ ನಡುವೆ. ಹತ್ತೊಂಬತ್ತು ವರ್ಷ ಅವು ಕೆಡದೆ ಉಳಿದುದು ಹೇಗೆ?

ಡಿ.ಎನ್.ಎ. ಎಂಬುದು ಅತಿ ಉದ್ದವಾದ ಅಣುಸರಪಳಿ. ಅದರ ಮೊದಲ ವೈರಿ ನೀರು. ಒದ್ದೆಯಾದ ಕಲೆಯಲ್ಲಿ ಬ್ಯಾಕ್ಟೀರಿಯ, ಬೂಷ್ಟುಗಳು ಬೆಳೆಯುವುವು. ಅವು ಸ್ರವಿಸುವ ಕಿಣ್ವಗಳು ಸರಪಳಿಯನ್ನು ಕತ್ತರಿಸುವುವು. ಸೆಕೆಯಿದ್ದರೆ ಈ ಕೆಲಸ ಇನ್ನೂ ಬೇಗ. ಬಿಸಿಲಿನ ಅತಿನೇರಳೆ ಕಿರಣಗಳೂ ಅದಕ್ಕೆ ಹಾನಿಮಾಡುವುವು. ಕಲೆಯು ಚೆನ್ನಾಗಿ ಒಣಗಿತೆಂದರೆ ಸೂಕ್ಷ್ಮಜೀವಿಗಳು ಬೆಳೆಯಲಾರವು, ಕಿಣ್ವಗಳೂ ಕೆಲಸಮಾಡಲಾರವು. ನಮ್ಮ ಮನೆಗಳ ಹಪ್ಪಳ ಸಂಡಿಗೆಗಳು ತಿಂಗಳುಗಟ್ಟಲೆ ಬಾಳುವುದೂ ಇದರಿಂದಲೇ.

ಆದುದರಿಂದ ರಕ್ತಸಿಕ್ತ ಬಟ್ಟೆಯನ್ನು ನೆರಳಿನಲ್ಲಿ ಗಾಳಿಗೆ ಒಣಗಿಸಿ, ಕಾಗದದ ಚೀಲದಲ್ಲಿಟ್ಟು ಮೊಹರು ಮಾಡತಕ್ಕದ್ದು. ಪ್ಲಾಸ್ಟಿಕ್ ಚೀಲ ಅಂದವಾಗಿ ಕಾಣುವುದೇನೋ ನಿಜ. ಆದರೆ ಒಳಗಿನ ತೇವವನ್ನು ಅದು ಹೊರಗೆ ಬಿಡದು. ಮಳೆಗಾಲದಲ್ಲಿ ಅರೆ ಒಣಗಿದ ಬಟ್ಟೆಯನ್ನು ಮಡಿಸಿಟ್ಟು ಮುಗ್ಗಲು ಹಿಡಿಸಿದವರೆಲ್ಲ ಇದನ್ನು ಬಲ್ಲರು. ಹಲವು ಒದ್ದೆ ಬಟ್ಟೆಗಳನ್ನು ಒಂದೇ ಗಂಟಿನಲ್ಲಿ ಕಟ್ಟುವುದಂತೂ ಇನ್ನೂ ಕೆಟ್ಟದ್ದು: ಒಬ್ಬನ ರಕ್ತ ಮತ್ತೊಬ್ಬನ ಅಂಗಿಗೆ ಹತ್ತಿದರೆ ಸಾಕ್ಷ್ಯವೇ ಸುಳ್ಳುಹೇಳೀತು.

ಕೊಳವೆಯಲ್ಲಿ ತೆಗೆದ ದ್ರವರಕ್ತದ ಕ್ರಮ ಬೇರೆ. ಅದಕ್ಕೆ ಹೆಪ್ಪುರೋಧಕವನ್ನು ಸೇರಿಸಿ ತಂಪಿನಲ್ಲಿಡುವರು. ಅಂಗಾಂಶದ ತುಣುಕನ್ನು ಫಾರ್ಮಲಿನ್‌ನಲ್ಲಿ ಮುಳುಗಿಸಿದರೆ ಸೂಕ್ಷ್ಮದರ್ಶಕಕ್ಕೆ ಅದರ ರಚನೆ ಉಳಿಯುವುದು, ಡಿ.ಎನ್.ಎ. ಮಾತ್ರ ಹಾಳಾಗುವುದು.

ಇನ್ನೊಂದು ಅದೃಷ್ಟವೂ ಇಲ್ಲಿದೆ. ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಅಲೆಕ್ ಜೆಫ್ರೀಸ್ ೧೯೮೪ರಲ್ಲಿ ಕಂಡುಹಿಡಿದ ವಿಧಾನಕ್ಕೆ ಸಾವಿರಾರು ಕೊಂಡಿಗಳ ಅಖಂಡ ಸರಪಳಿ ಬೇಕಿತ್ತು. ಅನಂತರ ಬಂದ ಪರೀಕ್ಷೆಗಳಿಗೆ ಕೆಲವು ನೂರು ಕೊಂಡಿಗಳ ತುಂಡುಗಳೇ ಸಾಕು. ಹೀಗಾಗಿ, ಅರೆಬರೆ ಮುರಿದ ಹಳೆಯ ಸಾಕ್ಷ್ಯವೂ ಮಾತನಾಡಬಲ್ಲದು.

೨೦೦೫ರಲ್ಲಿ ವರ್ಜೀನಿಯದ ರಾಜ್ಯಪಾಲರು ಆ ಕಾಲದ ಕಡತಗಳಲ್ಲಿದ್ದ ಚೂರುಗಳನ್ನೆಲ್ಲ ಪರೀಕ್ಷಿಸಲು ಆಜ್ಞಾಪಿಸಿದರು; ಇನ್ನೂ ಹಲವರು ದೋಷಮುಕ್ತರಾದರು. ಅದೇ ವರ್ಷ ಕತ್ರೀನಾ ಚಂಡಮಾರುತದ ನೆರೆಯು ನ್ಯೂ ಆರ್ಲಿಯನ್ಸ್ ನಗರದ ನ್ಯಾಯಾಲಯದ ನೆಲಮಾಳಿಗೆಗೆ ನುಗ್ಗಿತು. ಸಾಕ್ಷ್ಯವಸ್ತುಗಳನ್ನು ಕೂಡಿಟ್ಟಿದ್ದುದು ಅಲ್ಲಿಯೇ.